ಅರ್ಧ ಓಮಿನ ಅಳಿಯ

ಫೈರ್ ಸಾಹೇಬರ ಮೂಗಿನ ಬಗ್ಗೆ ಬೀದಿಯಲ್ಲಿ ಒಂದು ಮಾತಿತ್ತು: ಸಾಹೇಬರು ನಿವೃತ್ತರಾಗಿ ನಾಲ್ಕು ವರ್ಷವಾಯಿತು, ಅವರ ಮೂಗಿಗೆ ಮಾತ್ರ ಇನ್ನೂ ಆದೇಶ ಬಂದಿಲ್ಲ. ಅಗ್ನಿಶಾಮಕ ದಳದಲ್ಲಿ ಮೂವತ್ತೊಂದು ವರ್ಷ ದುಡಿದ ಮೂಗು ಅದು. ಪಕ್ಕದ ಮನೆಯವರ ಇಸ್ತ್ರಿಪೆಟ್ಟಿಗೆ ಒಂಚೂರು ಹೆಚ್ಚು ಕಾದರೂ ಸಾಹೇಬರು ಪೇಪರ್ ಮಡಚಿಟ್ಟು ಕಾಂಪೌಂಡಿನ ಬಳಿ ಬಂದು ನಿಲ್ಲುತ್ತಿದ್ದರು. ಮನೆಯಿಂದ ಹೊರಡುವಾಗ ಒಲೆಯ ವಾಲ್ವು, ಫ್ರಿಜ್ಜು ಬಿಟ್ಟು ಉಳಿದ ಎಲ್ಲ ಪ್ಲಗ್ಗು, ಹಿಂದಿನ ಬಾಗಿಲು, ಹೀಗೆ ಒಂದೊಂದನ್ನೂ ಮುಟ್ಟಿ ನೋಡಿದ ಮೇಲೆಯೇ ಚಪ್ಪಲಿ ಹಾಕುವುದು. ಹೆಂಡತಿ ಅಷ್ಟರಲ್ಲಿ ಗೇಟಿನ ಹೊರಗೆ ನಿಂತು ಅರ್ಧ ಬೀದಿಯ ಕ್ಷೇಮಸಮಾಚಾರ ವಿಚಾರಿಸಿ ಮುಗಿಸಿರುತ್ತಿದ್ದರು.

ಇವರಿಗೆ ಒಬ್ಬಳೇ ಮಗಳು. ಮೂಳೆ ಆಸ್ಪತ್ರೆಯಲ್ಲಿ, ಕೈಕಾಲು ಮುರಿದು ಪ್ಲಾಸ್ಟರ್ ಬಿಚ್ಚಿಸಿಕೊಂಡವರಿಗೆ ವ್ಯಾಯಾಮ ಮಾಡಿಸುವ ಕೆಲಸ. ಒಂದು ದಿನ ಊಟಕ್ಕೆ ಕೂತಾಗ ಅವಳು ಸುತ್ತು ಬಳಸದೆ ಹೇಳಿಬಿಟ್ಟಳು: ಆಸ್ಪತ್ರೆ ಎದುರಿನ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡಿ ಗಾಜು ಕೂರಿಸುವವನೊಬ್ಬನಿದ್ದಾನೆ, ತನಗೆ ಇಷ್ಟ, ಮದುವೆಯಾಗಬೇಕೆಂದಿದ್ದೇವೆ.

ತಾಯಿ "ನೋಡೋಕೆ ಹೇಗಿದಾನೆ?" ಎಂದರು. ತಂದೆ "ಸಿಗರೇಟ್ ಸೇದ್ತಾನಾ?" ಎಂದರು. ಹಾಸಿಗೆಯ ಮೇಲೆ ಸಿಗರೇಟ್ ಹಚ್ಚಿಕೊಂಡೇ ನಿದ್ದೆಹೋದವರ ಮನೆಗಳನ್ನು ಅವರು ಲೆಕ್ಕವಿಲ್ಲದಷ್ಟು ನೋಡಿದ್ದರು.

"ಇಲ್ಲ ಅಪ್ಪ. ಸಿಗರೇಟ್ ಇಲ್ಲ, ಕುಡಿಯೋದಿಲ್ಲ. ಜೋರಾಗಿ ಮಾತೂ ಆಡಲ್ಲ."

"ಹಾಗಾದ್ರೆ ಭಾನುವಾರ ಸಂಜೆ ಬರೋಕೆ ಹೇಳು."

ಮಗಳು ಹೇಳದೆ ಬಿಟ್ಟ ವಿಷಯ ಒಂದಿತ್ತು. ಅದು ಭಾನುವಾರ ಸಂಜೆ ತಾನಾಗಿಯೇ ಬಂತು. ಮೊದಲು ಬಂದದ್ದು ಹುಡುಗನಲ್ಲ, ಸದ್ದು. ಬೀದಿಯ ತಿರುವಿನಲ್ಲಿ ಯಾರೋ ನೆಲಕ್ಕೆ ದಿಮ್ಮಿ ಕುಟ್ಟಿದ ಹಾಗೆ ಢಂ, ಢಂ ಎನ್ನುತ್ತ ಹತ್ತಿರವಾಯಿತು. ಶೋಕೇಸಿನಲ್ಲಿದ್ದ ಗಾಜಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಮಗಳು ತುಟಿ ಕಚ್ಚಿಕೊಂಡಳು. ಸಾಹೇಬರು ಗೇಟಿಗೆ ಹೋಗಿ ನಿಂತರು.

ಹಳೆಯ ನೀಲಿ ಕಾರು. ಮುಸ್ಸಂಜೆಯಾದ್ದರಿಂದ ದೀಪ ಹಚ್ಚಿತ್ತು. ಒಂದೊಂದು ಢಂ ಎಂದಾಗಲೂ ಮುಂದಿನ ಎರಡು ದೀಪಗಳು ಮಂಕಾಗಿ, ಮತ್ತೆ ಉರಿಯುತ್ತಿದ್ದವು. ಬ್ಯಾಟರಿಯ ರಕ್ತವನ್ನು ಯಾವುದೋ ಹೀರುತ್ತಿದೆ ಎಂದು ಸಾಹೇಬರಿಗೆ ನೋಡಿದ ಕೂಡಲೇ ಗೊತ್ತಾಯಿತು. ಕಾರು ನಿಂತಿತು, ಹಾಡು ನಿಂತಿತು. ಹಣ್ಣಿನ ಬುಟ್ಟಿ ಹಿಡಿದು, ಇಸ್ತ್ರಿ ಅಂಗಿ ತೊಟ್ಟ ಸಣಕಲು ಹುಡುಗನೊಬ್ಬ ಇಳಿದ.

"ನಮಸ್ಕಾರ ಸರ್. ನಾನು..."

"ನೀವ್ಯಾರು ಅಂತ ಆಮೇಲೆ. ಬಾನೆಟ್ ತೆಗೀರಿ."

"ಸರ್?"

"ಬಾನೆಟ್!"

ಸಾಹೇಬರ ಮೂಗಿನ ಹೊಳ್ಳೆ ಅಗಲವಾಗಿತ್ತು. ಪ್ಲಾಸ್ಟಿಕ್ ಬೇಯುವ ವಾಸನೆ. ಸುಡುವುದಕ್ಕೂ ಮುಂಚಿನ, ಸಿಹಿಯಾದ, ಮೋಸದ ವಾಸನೆ. ಒಳಗಿನಿಂದ ಸ್ಪ್ಯಾನರ್ ತಂದು, ಯಾರನ್ನೂ ಕೇಳದೆ, ಬ್ಯಾಟರಿಯ ನೆಗೆಟಿವ್ ತುದಿಯನ್ನು ಬಿಚ್ಚಿದರು. ಬ್ಯಾಟರಿಯಿಂದ ಹೆಬ್ಬೆರಳು ಗಾತ್ರದ ಕೆಂಪು ವೈರೊಂದು ಹೊರಟು, ಇಂಜಿನ್ನಿನ ಹಿಂದಿನ ತಗಡಿನ ತೂತಿನ ಮೂಲಕ ಕಾರಿನೊಳಗೆ ಹೋಗಿತ್ತು. ತೂತಿನ ಬಾಯಿಗೆ ರಬ್ಬರ್ ಬಳೆ ಇರಲಿಲ್ಲ. ತಗಡಿನ ಅಂಚು ವೈರಿನ ಸಿಪ್ಪೆಯನ್ನು ಇಲಿ ಕಡಿದಂತೆ ಕಡಿದಿತ್ತು. ಕೈ ಇಟ್ಟರು. ಚುರ್ ಎಂದಿತು.

ಡಿಕ್ಕಿ ತೆಗೆಸಿದರು. ಒಂದು ಪೆಟ್ಟಿಗೆಯಲ್ಲಿ ಊಟದ ತಟ್ಟೆಯಷ್ಟಗಲದ ಎರಡು ಸ್ಪೀಕರ್. ಪಕ್ಕದಲ್ಲಿ ಕಾರ್ಪೆಟ್ ಕೆಳಗೆ ಮುಚ್ಚಿಟ್ಟ, ಸದ್ದು ಹೆಚ್ಚಿಸುವ ಆ್ಯಂಪ್ಲಿಫೈಯರು, ಮೇಲೆ ನೀರಿಟ್ಟರೆ ಕುದಿಯುವಷ್ಟು ಕಾದಿತ್ತು.

"ಇದನ್ನ ಯಾರು ಕೂರಿಸಿದ್ದು?"

"ನಾನೇ ಸರ್."

"ಫ್ಯೂಸು?"

"ಇದೆ ಸರ್. ಮೊದಲು ಸಣ್ಣದಿತ್ತು, ಮೂರು ಸಲ ಹೋಯ್ತು. ಅದಕ್ಕೆ ದೊಡ್ಡದು ಹಾಕ್ದೆ."

"ಫ್ಯೂಸು ಹೋಗ್ತಿರಲಿಲ್ಲ ಸ್ವಾಮಿ, ನಿಮ್ಮನ್ನ ಕೂಗ್ತಿತ್ತು. ನೀವು ಕೂಗೋನ ಬಾಯಿಗೆ ಬಟ್ಟೆ ತುರುಕಿದ್ರಿ."

ಟೀ ಆರಿತು. ಹಣ್ಣಿನ ಬುಟ್ಟಿ ಜಗಲಿಯ ಮೇಲೆಯೇ ಉಳಿಯಿತು. ಸಾಹೇಬರು ಆ ಕೆಂಪು ವೈರನ್ನು ಬ್ಯಾಟರಿಯಿಂದ ಪೂರ್ತಿ ತೆಗೆದು, ತುದಿಗೆ ಟೇಪು ಸುತ್ತಿ, ಉಳಿದದ್ದನ್ನು ಸರಿಯಾಗಿ ಜೋಡಿಸಿ, "ಇನ್ನು ಮನೆಗೆ ಹೋಗಬಹುದು" ಎಂದರು. ಬರುವಾಗ ಬೀದಿ ನಡುಗಿಸಿದ್ದ ಕಾರು ಹೋಗುವಾಗ ಬೆಕ್ಕಿನಂತೆ ಹೋಯಿತು.

ಒಳಗೆ ಬಂದ ಮೇಲೆ ಮಗಳು ಸಿಡಿದಳು. "ಅಪ್ಪಾ, ನೀನು ಅವರ ಮುಖ ನೋಡಿದ್ಯಾ? ಒಂದ್ಸಲನಾದ್ರೂ? ಬರೀ ವೈರ್ ನೋಡಿದೆ."

"ವೈರ್ ನೋಡಿದ್ರೆ ಮನುಷ್ಯ ಗೊತ್ತಾಗ್ತಾನಮ್ಮ."

"ಏನು ಗೊತ್ತಾಯ್ತು?"

"ಅವನ ಕಾರಲ್ಲಿ ನಿನ್ನ ಕೂರಿಸಿ ಕಳಿಸೋಕೆ ನನ್ನ ಕೈಲಾಗಲ್ಲ ಅಂತ ಗೊತ್ತಾಯ್ತು."

ಮಗಳ ಕಣ್ಣು ತುಂಬಿತು. "ನಾನು ಚಿಕ್ಕವಳಿದ್ದಾಗ ಹುಟ್ಟಿದಹಬ್ಬಕ್ಕೆ ಮೇಣದಬತ್ತಿ ಹಚ್ಚೋಕೂ ಬಿಡ್ಲಿಲ್ಲ ನೀನು. ಟಾರ್ಚ್ ಹಚ್ಚಿ ಊದು ಅಂದೆ. ನೆನಪಿದೆಯಾ?" ಎಂದವಳೇ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ಮೂರು ದಿನ ಆ ಮನೆಯಲ್ಲಿ ಪಾತ್ರೆಗಳು ಬಿಟ್ಟು ಯಾರೂ ಸದ್ದು ಮಾಡಲಿಲ್ಲ. ಹೆಂಡತಿಯಿಂದ ಕೇಳಿದ್ದಕ್ಕೆ ಮಾತ್ರ ಉತ್ತರ. ಮಗಳಿಂದ ಅದೂ ಇಲ್ಲ. ಸಾಹೇಬರು ಪೇಪರ್ ಹಿಡಿದು ಕೂರುತ್ತಿದ್ದರು. ಒಂದೇ ಪುಟ ಬೆಳಿಗ್ಗೆಯಿಂದ ಸಂಜೆಯವರೆಗೆ ಓದುತ್ತಿದ್ದರು. ತಾವು ಮಾಡಿದ್ದು ಸರಿಯೆಂಬುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಆದರೂ ಟಾರ್ಚಿನ ಮಾತು ಎದೆಯಲ್ಲಿ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ಗುರುವಾರ ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಕನ್ನಡಕದ ಅಂಗಡಿಯ ಹುಡುಗನೇ. ಬಸ್ಸಿನಲ್ಲಿ ಬಂದಿದ್ದ, ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಮಗಳು ಕೆಲಸಕ್ಕೆ ಹೋಗಿದ್ದ ಹೊತ್ತು.

"ಅವರಿಲ್ಲ ಅಂತ ಗೊತ್ತಿದ್ದೇ ಬಂದೆ ಸರ್. ನಿಮ್ಮ ಹತ್ರನೇ ಮಾತಾಡ್ಬೇಕಿತ್ತು."

"ಕೂತ್ಕೊಳ್ಳಿ."

ಹುಡುಗ ಕೂರಲಿಲ್ಲ. "ನಾನು ತಪ್ಪು ಮಾಡಿದೀನಿ ಸರ್. ಆದ್ರೆ ಎಲ್ಲಿ ತಪ್ಪಿದೆ ಅಂತ ನನಗೆ ಪೂರ್ತಿ ಗೊತ್ತಾಗಿಲ್ಲ. ಗೊತ್ತಾಗದೆ ಕಿತ್ತು ಬಿಸಾಕಿದ್ರೆ, ನಾಳೆ ಇನ್ನೊಂದ್ರಲ್ಲಿ ಅದೇ ತಪ್ಪು ಮಾಡ್ತೀನಿ. ಒಬ್ಬರು ಇದಾರಂತೆ, ಮೀಟರ್ ಅಕ್ಕ ಅಂತ. ಕಾರಿನ ಸೌಂಡ್ ಕೆಲಸದಲ್ಲಿ ಅವರನ್ನ ಬಿಟ್ರೆ ಇಲ್ಲ ಅಂತಾರೆ. ಶನಿವಾರ ಹೋಗ್ತಿದೀನಿ. ನೀವೂ ಬರಬೇಕು ಸರ್. ನೀವು ಬೇಡ ಅಂದ್ರೆ ಅಲ್ಲೇ ಬಿಚ್ಚಿಸಿ ಬಿಡ್ತೀನಿ."

ಸಾಹೇಬರು ಅವನ ಮುಖವನ್ನು ಆಗ ಮೊದಲ ಸಲ ನೋಡಿದರು. ಮೂವತ್ತೊಂದು ವರ್ಷದಲ್ಲಿ ಸುಟ್ಟ ಅಂಗಡಿ, ಸುಟ್ಟ ಗೋದಾಮು, ಸುಟ್ಟ ಲಾರಿಗಳ ಮುಂದೆ ನಿಂತು "ಹೇಗಾಯ್ತು?" ಎಂದು ಕೇಳಿದಾಗಲೆಲ್ಲ ಅವರಿಗೆ ಸಿಕ್ಕ ಉತ್ತರ ಒಂದೇ: "ಶಾರ್ಟ್ ಸರ್ಕ್ಯೂಟ್ ಸಾರ್." ಅದು ಯಾರೋ ಹೊರಗಿನವ ಬಂದು ಮಾಡಿಹೋದ ಕೆಲಸ ಎಂಬ ಧಾಟಿಯಲ್ಲಿ. ನಾನು ತಪ್ಪು ಮಾಡಿದೆ ಎಂದವರನ್ನು ಅವರು ಬೆರಳಲ್ಲಿ ಎಣಿಸಬಹುದಿತ್ತು.

"ಎಷ್ಟು ಗಂಟೆಗೆ?" ಎಂದರು.

ಮೀಟರ್ ಅಕ್ಕನ ಗ್ಯಾರೇಜು ಟೈರ್ ಅಂಗಡಿಗಳ ಸಾಲಿನ ಕೊನೆಯಲ್ಲಿತ್ತು. ಮೂರು ಕಾರು ನಿಲ್ಲುವಷ್ಟು ಜಾಗ, ಗೋಡೆ ತುಂಬ ಸುರುಳಿ ಸುತ್ತಿದ ವೈರು, ನೆಲ ಮಾತ್ರ ಅಡುಗೆಮನೆಯಂತೆ ಗುಡಿಸಿಟ್ಟದ್ದು. ಅಕ್ಕನಿಗೆ ಐವತ್ತರ ಹತ್ತಿರದ ಪ್ರಾಯ. ಕುತ್ತಿಗೆಯಲ್ಲಿ ಒಂದು ದಾರಕ್ಕೆ ಕನ್ನಡಕ, ಇನ್ನೊಂದು ದಾರಕ್ಕೆ ಹಳದಿ ಮೀಟರು ತೂಗುಬಿದ್ದಿತ್ತು. ಆ ಹೆಸರು ಬಂದದ್ದು ಅದರಿಂದಲೋ, ಮೀಸೆ ತಿರುವಿಕೊಂಡು ಬರುವ ಗಿರಾಕಿಗಳಿಗೂ ಮುಖದ ಮೇಲೆ ಹೊಡೆದಂತೆ ಮಾತಾಡುವ, ಹುಡುಗರು 'ಮೀಟರ್' ಎನ್ನುವ ಅವರ ಧೈರ್ಯದಿಂದಲೋ, ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು.

ಅಕ್ಕ ಡಿಕ್ಕಿಯೊಳಗೆ ಬಗ್ಗಿ, ಆ್ಯಂಪಿನಿಂದ ಸ್ಪೀಕರಿಗೆ ಹೋಗುವ ಎರಡು ವೈರು ಬಿಚ್ಚಿದರು. ಮೀಟರಿನ ಎರಡು ಕಡ್ಡಿಗಳನ್ನು ಮೊದಲು ಒಂದಕ್ಕೊಂದು ಮುಟ್ಟಿಸಿದರು.

"ಇದ್ಯಾಕೆ?" ಎಂದರು ಸಾಹೇಬರು.

"ತಕ್ಕಡಿಯಲ್ಲಿ ತೂಗೋಕೆ ಮುಂಚೆ ಖಾಲಿ ತಟ್ಟೆ ನೋಡ್ತೀವಲ್ಲ ಅಣ್ಣ, ಹಾಗೆ. ಕಡ್ಡಿಯದ್ದೇ ಸೊನ್ನೆ ಪಾಯಿಂಟ್ ಎರಡು ಇದೆ. ಅದನ್ನ ಕಳೀಬೇಕು." ಆಮೇಲೆ ಕಡ್ಡಿಗಳನ್ನು ಸ್ಪೀಕರ್ ವೈರಿಗೆ ಹಿಡಿದರು. ಸೊನ್ನೆ ಪಾಯಿಂಟ್ ಆರು. ಅಕ್ಕ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಹುಡುಗನನ್ನು ನೋಡಿದರು. "ಕಳೆದ್ರೆ ಸೊನ್ನೆ ಪಾಯಿಂಟ್ ನಾಲ್ಕು. ಅಂದ್ರೆ ಲೆಕ್ಕಕ್ಕೆ ಅರ್ಧ ಓಮ್. ಆ್ಯಂಪ್ ಪುಸ್ತಕದಲ್ಲಿ ಏನಿದೆ?"

"ಒಂದು ಓಮಿಗಿಂತ ಕೆಳಗೆ ಬೇಡ ಅಂತ," ಎಂದ ಹುಡುಗ. "ಒಂದೊಂದು ವೂಫರ್ ಸ್ಪೀಕರಲ್ಲೂ ಎರಡೆರಡು ತಂತಿ ಕಾಯಿಲ್ ಇದೆ ಅಕ್ಕ. ಒಂದೊಂದೂ ಎರಡು ಓಮ್. ಸ್ಪೀಕರ್ ಎರಡು, ಹಾಗಾಗಿ ಲೆಕ್ಕಕ್ಕೂ ಎರಡೇ ಅಂದ್ಕೊಂಡು ನಾಲ್ಕು ಕಾಯಿಲನ್ನೂ ಒಟ್ಟಿಗೆ ಸೇರಿಸಿದೆ. ಓಮ್ ಕಡಿಮೆ ಆದಷ್ಟೂ ಜೋರು ಬರತ್ತೆ ಅಂತ ಯಾರೋ ಹೇಳಿದ್ರು."

"ಬರತ್ತೆ. ಹೊಗೆನೂ ಬರತ್ತೆ."

ಸಾಹೇಬರು ಗಡ್ಡ ಕೆರೆದುಕೊಂಡರು. ಕರೆಂಟಿಗೆ ಇರುವ ತಡೆಯನ್ನು ಅಳೆಯುವ ಓಮ್ ಎಂಬ ಶಬ್ದ ತರಬೇತಿಯಲ್ಲಿ ಕೇಳಿದ್ದು ಬಿಟ್ಟರೆ ಅವರಿಗೆ ಅದರ ಜೊತೆ ಒಡನಾಟವಿರಲಿಲ್ಲ. ಆದರೆ ಏನೋ ಹೊಳೆಯಿತು.

"ತಡೀರಿ. ಪಂಪು ಒಂದೇ. ಅದಕ್ಕೆ ನಾಲ್ಕು ಹೋಸ್ ಕಟ್ಟಿ, ನಾಲ್ಕರ ಬಾಯೂ ಒಟ್ಟಿಗೆ ಬಿಚ್ಚಿಟ್ಟ ಹಾಗೆ. ತಡೆಯೋದು ಏನೂ ಇಲ್ಲ. ಪಂಪು ಸುರಿದು ಸುರಿದು ಏದುಸಿರು ಬಿಡತ್ತೆ, ಕಾಯತ್ತೆ, ಕೊನೆಗೆ ಕೂತ್ಕೊಳ್ಳತ್ತೆ. ಅದೇ ತಾನೆ?"

ಅಕ್ಕ ಮೀಟರು ಕೆಳಗಿಟ್ಟರು. "ಇಪ್ಪತ್ತು ವರ್ಷದಿಂದ ಗಿರಾಕಿಗಳಿಗೆ ಇದನ್ನ ಹೇಳೋಕೆ ಒದ್ದಾಡ್ತಿದೀನಿ. ನೀವು ಒಂದೇ ಉಸಿರಲ್ಲಿ ಹೇಳಿಬಿಟ್ರಲ್ಲ! ಎಲ್ಲಿದ್ರಿ ಅಣ್ಣ ಇಷ್ಟು ದಿನ?"

ಫೈರ್ ಸಾಹೇಬರಿಗೆ ಸಣ್ಣಗೆ ನಗು ಬಂತು. ಭಾನುವಾರದಿಂದ ಈಚೆ ಅದೇ ಮೊದಲು.

"ಈಗ ಏನು ಮಾಡ್ಬಹುದು?" ಹುಡುಗ ಕೇಳಿದ.

"ಈ ಕಾಯಿಲ್‌ಗಳಲ್ಲಿ ಮೂರೇ ದಾರಿ. ಅರ್ಧ, ಎರಡು, ಇಲ್ಲಾ ಎಂಟು. ಒಂದು ಓಮ್ ಇದರಲ್ಲಿ ಬರೋದೇ ಇಲ್ಲ. ಒಂದೇ ಬೇಕು ಅಂದ್ರೆ ನಾಲ್ಕು ಓಮಿನ ಕಾಯಿಲ್ ಇರೋ ವೂಫರ್ ತರಬೇಕು. ಅದೂ ತಪ್ಪೇನಲ್ಲ, ಆ್ಯಂಪ್ ತಡೆಯತ್ತೆ. ಆದ್ರೆ ಈ ಕಾರಿನ ಬ್ಯಾಟರಿ, ಚಾರ್ಜ್ ಮಾಡೋ ಆಲ್ಟರ್ನೇಟರ್ ಎರಡೂ ಮುದುಕರು. ಅವರ ಬೆನ್ನ ಮೇಲೆ ಅಷ್ಟು ಭಾರ ಹೊರಿಸ್ಬೇಡ. ಎರಡಕ್ಕೆ ಕಟ್ಟೋಣ."

"ಪವರ್ ಅರ್ಧಕ್ಕೆ ಇಳಿಯತ್ತಲ್ವಾ ಅಕ್ಕ?"

"ಡಬ್ಬದ ಮೇಲಿನ ಅಂಕಿಯಲ್ಲಿ ಅರ್ಧ. ಕಿವಿಗೆ ಒಂಚೂರು."

ಹುಡುಗ ಸ್ಪೀಕರಿನ ಅಂಚನ್ನು ಸವರುತ್ತ ನಿಂತ. ಸಾಹೇಬರು ಅವನನ್ನೇ ನೋಡುತ್ತಿದ್ದರು. ಕೊನೆಗೆ ತಡೆಯಲಾರದೆ ಕೇಳಿದರು: "ನಿಮ್ಮ ಅಂಗಡಿಗೆ ಯಾರಾದ್ರೂ ಬಂದು, ನಂಬರ್ ಪರೀಕ್ಷೆ ಬೇಡ, ಇರೋದ್ರಲ್ಲಿ ದಪ್ಪ ಗಾಜು ಹಾಕಿ, ದಪ್ಪ ಇದ್ದಷ್ಟೂ ಚೆನ್ನಾಗಿ ಕಾಣತ್ತಂತೆ ಅಂದ್ರೆ ಏನು ಮಾಡ್ತೀರಿ?"

ಹುಡುಗ ನಾಲಿಗೆ ಕಚ್ಚಿಕೊಂಡ. ಆಮೇಲೆ ಜೋರಾಗಿ ನಕ್ಕ. "ಕಾಲು ನಂಬರ್ ಹೆಚ್ಚಾದ್ರೂ ವಾಪಸ್ ಕೊಟ್ಟು ಬಿಡ್ತೀನಿ ಸರ್. ಇಲ್ಲಿ ಅಳತೆನೇ ಮಾಡಿರಲಿಲ್ಲ. ಎರಡು ಸಾಕು ಅಕ್ಕ."

"ಸಾಕು ಅಂದ್ರೆ ಕೆಲಸ ಶುರು ಮಾಡು. ನಾನು ಹೇಳ್ತೀನಿ, ನೀನು ಮಾಡು. ಕೈಯಿಂದ ಆದ ತಪ್ಪು ಕೈಯಿಂದಲೇ ಹೋಗ್ಬೇಕು."

ಹಾಗೆ ಆರಂಭವಾದ ಕೆಲಸ ಸಂಜೆ ನಾಲ್ಕರವರೆಗೆ ನಡೆಯಿತು. ಒಂದೊಂದು ವೂಫರಿನ ಎರಡು ಕಾಯಿಲ್‌ಗಳನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿ ನಾಲ್ಕು ಓಮ್ ಮಾಡಿದರು. ಹಾಗೆ ನಾಲ್ಕಾದ ಎರಡು ವೂಫರ್‌ಗಳನ್ನು ಅಕ್ಕಪಕ್ಕ ಜೋಡಿಸಿದಾಗ ಎರಡಾಯಿತು. ಅಕ್ಕ ಅಳೆದರು, ಹುಡುಗನ ಕೈಯಲ್ಲಿ ಅಳೆಸಿದರು, ಸಾಹೇಬರ ಕೈಗೂ ಮೀಟರು ಕೊಟ್ಟರು. ಒಂದು ಪಾಯಿಂಟ್ ಒಂಬತ್ತು, ಕಡ್ಡಿಯದ್ದು ಕಳೆದರೆ ಒಂದು ಪಾಯಿಂಟ್ ಏಳು. "ಕಾಯಿಲ್ ನಿಂತಿದ್ದಾಗ ಯಾವಾಗ್ಲೂ ಸ್ವಲ್ಪ ಕಡಿಮೆನೇ ತೋರ್ಸೋದು. ಇದು ಎರಡೇ," ಎಂದರು ಅಕ್ಕ.

ಹಳೆಯ ಕೆಂಪು ವೈರನ್ನು ಎಳೆದು ತೆಗೆದು ಕತ್ತರಿಸಿ ನೋಡಿದರು. ಹೊರಗೆ ಹೆಬ್ಬೆರಳಿನ ದಪ್ಪ, ಒಳಗೆ ಪೆನ್ಸಿಲ್ ಕಡ್ಡಿಯಷ್ಟು ಲೋಹ, ಅದೂ ತಾಮ್ರದ ಬಣ್ಣ ಬಳಿದ ಅಲ್ಯೂಮಿನಿಯಂ.

"ನಾಲ್ಕು ಸ್ವೆಟರ್ ಹಾಕ್ಕೊಂಡಿರೋ ಬಡಕಲ," ಎಂದರು ಸಾಹೇಬರು. ಹೊಸದಾಗಿ ಎಳೆದದ್ದು ಅಪ್ಪಟ ತಾಮ್ರ. ಬ್ಯಾಟರಿಯಿಂದ ಒಂದು ಗೇಣಿನೊಳಗೆ ಫ್ಯೂಸು ಕೂರಿಸಿದರು. ಎಷ್ಟರ ಫ್ಯೂಸು ಎಂಬ ಮಾತು ಬಂದಾಗ ಸಾಹೇಬರು ಯಾರಿಗೂ ಬಾಯಿ ತೆರೆಯಲು ಬಿಡಲಿಲ್ಲ: "ವೈರ್ ಎಷ್ಟು ತಡೆಯತ್ತೋ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ಫ್ಯೂಸು ಇರೋದು ನಿಮ್ಮ ಹಾಡು ಕಾಯೋಕಲ್ಲ, ವೈರ್ ಕಾಯೋಕೆ." ಅಕ್ಕ ಹೌದೆಂದು ತಲೆಯಾಡಿಸಿದರು. ನೆಗೆಟಿವ್ ವೈರು ಕಾರಿನ ಮೈಗೆ ಸೇರುವ ಕಡೆ ಹುಡುಗ ಬಣ್ಣದ ಮೇಲೆಯೇ ಬೋಲ್ಟ್ ಬಿಗಿದಿದ್ದ. ಅಕ್ಕ ಅವನ ಕೈಗೆ ಉಪ್ಪುಕಾಗದ ಕೊಟ್ಟು, ಬೆಳ್ಳಿಯಂತೆ ಹೊಳೆಯುವ ತನಕ ಉಜ್ಜಿಸಿದರು. ಆ್ಯಂಪನ್ನು ಕಾರ್ಪೆಟ್ಟಿನಡಿಯಿಂದ ಎಬ್ಬಿಸಿ, ನಾಲ್ಕೂ ಕಡೆ ಗಾಳಿ ಆಡುವಂತೆ ಮೇಲೆತ್ತಿ ಕೂರಿಸಿದರು.

ತಗಡಿನ ತೂತಿಗೆ ರಬ್ಬರ್ ಬಳೆ ಹಾಕುವುದೇ ಎಲ್ಲಕ್ಕಿಂತ ಕಿರಿಕಿರಿಯ ಕೆಲಸ. ಹುಡುಗ ಡ್ಯಾಶ್‌ಬೋರ್ಡಿನ ಕೆಳಗೆ ಅಂಗಾತ ಮಲಗಿ ಒಳಗಿನಿಂದ ತಳ್ಳಬೇಕು. ಸಾಹೇಬರು ಪಕ್ಕದ ಸೀಟಿನಲ್ಲಿ ಕೂತು ಟಾರ್ಚ್ ಹಿಡಿಯಬೇಕು. ಅಕ್ಕ ಇನ್ನೊಂದು ಕಾರಿನ ಕಡೆ ಹೋಗಿದ್ದರು. ಅಷ್ಟು ಹತ್ತಿರ ಇದ್ದು ಎಷ್ಟು ಹೊತ್ತು ಸುಮ್ಮನಿರುವುದು? ಸಾಹೇಬರೇ ಮಾತು ತೆಗೆದರು.

"ಒಂದು ಸಲ ಹೆದ್ದಾರಿಯಲ್ಲಿ ಒಂದು ವ್ಯಾನ್ ಹತ್ಕೊಂಡಿತ್ತು. ಇಂಥದ್ದೇ ವೈರು, ಇಂಥದ್ದೇ ತೂತು. ಓಡಿಸ್ತಿದ್ದವನಿಗೆ ನಿಮ್ಮಷ್ಟೇ ವಯಸ್ಸು. ಬಾಗಿಲು ಜಾಮ್ ಆಗಿತ್ತು. ಎಳೆದು ತೆಗೆದ್ವಿ. ಬದುಕಿದ. ಆದ್ರೆ ಎರಡೂ ಕೈ..." ಅವರು ಟಾರ್ಚನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ಆ ಹುಡುಗನ್ನ ಆಸ್ಪತ್ರೆಗೆ ಕಳಿಸಿ, ಮನೆಗೆ ಬಂದ್ರೆ ಮಗಳ ಎಂಟನೇ ಹುಟ್ಟಿದಹಬ್ಬ, ಮೇಣದಬತ್ತಿ ಹಿಡ್ಕೊಂಡು ಕೂತಿದ್ಲು. ಕಿತ್ಕೊಂಡೆ. ಯಾಕೆ ಅಂತ ಹೇಳ್ಲಿಲ್ಲ. ಮನೆಯಲ್ಲಿ ಇವತ್ತಿಗೂ ಹೇಳಿಲ್ಲ."

ಡ್ಯಾಶ್‌ಬೋರ್ಡಿನ ಕೆಳಗೆ ಬಳೆ ತಳ್ಳುತ್ತಿದ್ದ ಕೈ ನಿಂತಿತು.

"ಹೇಳ್ಬೇಕಿತ್ತು," ಎಂದ ಹುಡುಗ ಮೆಲ್ಲಗೆ. "ಅವರು ಅದನ್ನ ಬೇರೆ ಥರ ಅಂದ್ಕೊಂಡಿದಾರೆ."

"ಹೂಂ. ಗೊತ್ತಾಯ್ತು ಮೊನ್ನೆ," ಎಂದರು ಸಾಹೇಬರು. "ನಿಮಗೆ ಈ ಢಂ ಢಂ ಯಾಕೆ? ಮಾತು ನೋಡಿದ್ರೆ ಇಷ್ಟು ಮೆತ್ತಗೆ."

"ಯಾಕೆ ಅಂದ್ರೆ..." ಹುಡುಗ ಯೋಚಿಸಿದ. "ದಿನವಿಡೀ ಕತ್ತಲೆ ರೂಮಲ್ಲಿ ಕೂತು, ಇದು ಚೆನ್ನಾಗಿ ಕಾಣತ್ತಾ, ಅದು ಚೆನ್ನಾಗಿ ಕಾಣತ್ತಾ ಅಂತ ಪಿಸುಪಿಸು ಕೇಳ್ತಿರ್ತೀನಿ. ಸಂಜೆ ಕಾರಲ್ಲಿ ಕೂತಾಗ ಬೆನ್ನು, ಎದೆ ಎಲ್ಲ ಗುಂಯ್ ಅನ್ಬೇಕು ಅನ್ಸತ್ತೆ. ದೊಡ್ಡ ಕಾರಣ ಏನಿಲ್ಲ. ಇಷ್ಟ, ಅಷ್ಟೇ."

ಇಷ್ಟ, ಅಷ್ಟೇ. ಸಾಹೇಬರು ಆ ಉತ್ತರವನ್ನು ಮನಸ್ಸಿನಲ್ಲೇ ಇನ್ನೊಮ್ಮೆ ಹೇಳಿಕೊಂಡರು. ಅಷ್ಟರಲ್ಲಿ ರಬ್ಬರ್ ಬಳೆ ಟಪ್ಪೆಂದು ಜಾಗಕ್ಕೆ ಕೂತಿತು.

"ಮಾವ, ಟಾರ್ಚ್ ಸ್ವಲ್ಪ ಈ ಕಡೆ," ಎಂದ ಹುಡುಗ. ತಾನು ಏನೆಂದೆ ಎಂಬುದು ಅವನಿಗೇ ಗೊತ್ತಾಗಲಿಲ್ಲವೇನೋ. ಸಾಹೇಬರು ಟಾರ್ಚನ್ನು ಆ ಕಡೆ ಹಿಡಿದರು.

ಕೊನೆಗೆ ಅಕ್ಕ ಬಂದು, ಆ್ಯಂಪಿಗೆ ಮೀಟರ್ ಹಿಡಿದು, ಒಂದೇ ಸಮನೆ ಗುಂಯ್‌ಗುಡುವ ಪರೀಕ್ಷೆಯ ಸದ್ದು ಹಾಕಿ, ಸದ್ದಿನ ಮಟ್ಟ ಹೊಂದಿಸುವ ತಿರುಪನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸಿದರು. ಬೇಕಾದ ಅಂಕಿ ಬಂದ ಕೂಡಲೇ ನಿಲ್ಲಿಸಿ, ಚೀಲದಿಂದ ಉಗುರುಬಣ್ಣದ ಶೀಶೆ ತೆಗೆದು ತಿರುಪಿನ ಮೇಲೆ ಕೆಂಪು ಚುಕ್ಕೆ ಇಟ್ಟರು. "ಇದರಾಚೆ ತಿರುಗಿಸಿದ್ರೆ ಸದ್ದು ಜಾಸ್ತಿ ಆಗಲ್ಲ, ಒಡೆಯತ್ತೆ. ಒಡೆದ ಸದ್ದೇ ಕಾಯಿಲ್ ಸುಡೋದು. ಚುಕ್ಕೆ ಕಾಯ್ಕೋ."

"ಹಾಡು ಹಾಕು," ಎಂದರು ಸಾಹೇಬರು. ಬೆಳಿಗ್ಗೆಯಿಂದ ನೀವು ಎನ್ನುತ್ತಿದ್ದವರು ಯಾವಾಗ ನೀನಿಗೆ ಇಳಿದರೋ, ಗಮನಿಸಿದ್ದು ಅಕ್ಕ ಒಬ್ಬರೇ.

ಸಾಹೇಬರು ಡಿಕ್ಕಿಯ ಬಳಿ ನಿಂತು, ವಾಸನೆ ಹಿಡಿಯುವ ಸಿದ್ಧತೆಯಲ್ಲಿ, ವೂಫರಿನ ಪೆಟ್ಟಿಗೆಯ ಮೇಲೆ ಎರಡೂ ಅಂಗೈ ಇಟ್ಟರು. ಹಾಡು ಶುರುವಾಯಿತು. ಭಾನುವಾರದ ಬಡಿತ ಇದಾಗಿರಲಿಲ್ಲ. ಅಂದು ಒರಟಾಗಿ ಕೆಮ್ಮಿದಂತಿದ್ದದ್ದು ಈಗ ದುಂಡಗೆ, ತುಂಬಿಕೊಂಡು, ನೆಲದಿಂದ ಎದ್ದು ಬರುತ್ತಿತ್ತು. ಅಂಗೈಯಿಂದ ಮೊಣಕೈಗೆ, ಅಲ್ಲಿಂದ ಪಕ್ಕೆಲುಬಿಗೆ ಹತ್ತಿತು.

ಸಾಹೇಬರು ಉಸಿರು ಹಿಡಿದರು. ಈ ನಡುಕ ಅವರಿಗೆ ಗೊತ್ತಿತ್ತು. ಪಂಪಿನ ವಾಹನ ಹಿಂದೆ ನಿಂತು ಗುಡುಗುಡು ಎನ್ನುತ್ತಿರುವಾಗ, ನೆಲದ ಮೇಲೆ ಸತ್ತಂತೆ ಬಿದ್ದಿದ್ದ ಹೋಸಿಗೆ ಒಮ್ಮೆಲೇ ನೀರು ನುಗ್ಗಿ, ಅದು ಉಬ್ಬಿ, ಜೀವ ಬಂದು, ಕಂಕುಳಲ್ಲಿ ಅಪ್ಪಿಕೊಂಡವನ ಎದೆಯನ್ನು ಗುಂಯ್‌ಗುಡಿಸುತ್ತದಲ್ಲ, ಅದೇ. ಆ ಕ್ಷಣವನ್ನು ಅವರು ಎಷ್ಟು ಪ್ರೀತಿಸುತ್ತಿದ್ದರೆಂದು ಯಾರಿಗೂ ಹೇಳಿರಲಿಲ್ಲ. ಬೆಂಕಿಯ ಮುಂದೆ ನಿಂತು ಖುಷಿಯಾಯಿತು ಎನ್ನುವುದು ಹೇಗೆ? ನಿವೃತ್ತಿಯ ದಿನ ಎಲ್ಲರೂ ಭಾಷಣ ಮಾಡಿದ್ದರು, ಇವರು ಏನೂ ಹೇಳದೆ ಮನೆಗೆ ಬಂದಿದ್ದರು. ನಾಲ್ಕು ವರ್ಷ ತಮಗೆ ಏನು ಬೇಕಾಗಿದೆ ಎಂದೇ ತಿಳಿಯದೆ ಪಕ್ಕದ ಮನೆಯ ಇಸ್ತ್ರಿಪೆಟ್ಟಿಗೆ ಕಾಯುತ್ತಿದ್ದರು.

ಹಾಡು ಮುಗಿಯಿತು. ಹುಡುಗ ಹೆದರಿಕೆಯಿಂದ ಇಣುಕಿದ. "ಏನಾದ್ರೂ ವಾಸನೆ ಬರ್ತಿದೆಯಾ?"

"ಇಲ್ಲ. ಇನ್ನೊಂದು ಹಾಕು."

ಅರ್ಧ ಗಂಟೆ ಹಾಕಿದರು. ಆಮೇಲೆ ಮೂವರೂ ಸರದಿಯಲ್ಲಿ ಆ್ಯಂಪು ಮುಟ್ಟಿ ನೋಡಿದರು. ಬೆಚ್ಚಗಿತ್ತು, ಅಷ್ಟೆ, ಮಧ್ಯಾಹ್ನದ ನಿದ್ದೆಯಿಂದ ಎದ್ದ ಮಗುವಿನ ಕೆನ್ನೆಯಷ್ಟು.

ಹೊರಡುವಾಗ ಮೀಟರ್ ಅಕ್ಕ ಕೈಯೊರೆಸಿಕೊಳ್ಳುತ್ತ ಬಂದರು. "ಅಣ್ಣ, ಮನೆಯಲ್ಲಿ ಸುಮ್ನೆ ಕೂತಿರ್ತೀರಾ? ಬುಧವಾರ, ಶನಿವಾರ ಇಲ್ಲಿಗೆ ಬನ್ನಿ. ಬರೋರೆಲ್ಲ ಅರ್ಧ ಓಮ್ ಬೇಕು, ಕಾಲು ಓಮ್ ಬೇಕು ಅಂತಾರೆ. ನಾನು ಬೈತೀನಿ, ಓಡಿಹೋಗ್ತಾರೆ. ಇನ್ನೊಂದು ಕಡೆ ಹೋಗಿ ಮಾಡಿಸ್ಕೋತಾರೆ. ನೀವು ಆ ಪಂಪು, ಹೋಸಿನ ಕಥೆ ಹೇಳಿ. ಕೂತು ಕೇಳ್ತಾರೆ."

"ಯೋಚನೆ ಮಾಡ್ತೀನಿ," ಎಂದರು ಸಾಹೇಬರು. ಬುಧವಾರ ಅಕ್ಕನಿಗಿಂತ ಮುಂಚೆ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದರು.

ಆದರೆ ಅದು ಆಮೇಲಿನ ಮಾತು. ಆ ಶನಿವಾರ ಸಂಜೆ ಕಾರು ಮನೆಯ ಮುಂದೆ ನಿಂತಾಗ ಮಗಳು ಆಸ್ಪತ್ರೆಯಿಂದ ಬಂದು ಜಗಲಿಯಲ್ಲಿ ಕೂತಿದ್ದಳು. ಅಪ್ಪ ಎಣ್ಣೆ, ಕರಿ ಮೆತ್ತಿದ ಅಂಗಿಯಲ್ಲಿ ಇಳಿದು ಬಂದು ಅವಳ ಪಕ್ಕ ಕೂತರು. ಆ ವ್ಯಾನಿನ ವಿಷಯ ಹೇಳಿದರು. ಮೇಣದಬತ್ತಿ ಹಿಡಿದು ಕೂತಿದ್ದ ಅವಳನ್ನು ನೋಡಿದಾಗ ತಮಗೆ ಕಂಡದ್ದು ಆ ಹುಡುಗನ ಕೈಗಳು ಎಂದೂ ಹೇಳಿದರು. ಹೇಳಲು ಬಹಳ ಹೊತ್ತು ಬೇಕಾಗಲಿಲ್ಲ. ಮಗಳು ಕೇಳಿಸಿಕೊಂಡು, ಅಪ್ಪನ ಕರಿಯಾದ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡು, ದಿನವೂ ರೋಗಿಗಳಿಗೆ ಮಾಡುವಂತೆ ಒಂದೊಂದೇ ಬೆರಳನ್ನು ಮೆಲ್ಲಗೆ ನೀವಿದಳು.

"ಮದುವೆ ಯಾವಾಗ ಇಟ್ಕೊಳ್ಳೋಣ?" ಎಂದರು ಸಾಹೇಬರು.

ಒಳಗಿನಿಂದ ಹೆಂಡತಿ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದವರು ಆ ಮಾತು ಕೇಳಿ ಅಲ್ಲೇ ನಿಂತರು. ಆಮೇಲೆ ಎಲ್ಲರ ಮುಖವನ್ನೂ ಒಂದು ಸುತ್ತು ನೋಡಿ, "ಅದು ಸರಿ. ಆ ಕಾರಲ್ಲಿ ನನ್ನನ್ನ ಯಾರೂ ಕೂರಿಸೋದೇ ಇಲ್ವಾ?" ಎಂದರು.

ನಾಲ್ವರೂ ಹೊರಟರು. ಸಾಹೇಬರು ಮುಂದೆ, ಹುಡುಗನ ಪಕ್ಕ. ತಾಯಿ ಮಗಳು ಹಿಂದೆ. ಹಿರಿಯರಿದ್ದಾರೆಂದು ಹುಡುಗ ಹಾಡನ್ನು ಬಹಳ ಮೆತ್ತಗೆ ಹಾಕಿದ. ಎರಡು ಬೀದಿ ದಾಟಿರಬಹುದು.

"ಇಷ್ಟೇನಾ?" ಎಂದಿತು ಹಿಂದಿನ ಸೀಟು.

ಸಾಹೇಬರು ತಿರುಗಿ ನೋಡಿದರು.

"ಜೋರು ಮಾಡಪ್ಪ," ಎಂದರು ಹೆಂಡತಿ ಹುಡುಗನಿಗೆ. "ಇವರು ನೈಟ್ ಡ್ಯೂಟಿ ಮುಗಿಸಿ ಹಗಲು ಮಲಗೋರು. ಎಚ್ಚರ ಆಗಬಾರದು ಅಂತ ಮೂವತ್ತು ವರ್ಷ ರೇಡಿಯೋನ ಕಿವಿಗೆ ಅಂಟಿಸ್ಕೊಂಡು ಕೇಳಿದೀನಿ. ರಿಟೈರ್ ಆದ್ಮೇಲೂ ಅದೇ ಅಭ್ಯಾಸ ಆಗೋಯ್ತು. ಒಂದು ಹಾಡನ್ನಾದ್ರೂ ನೆಟ್ಟಗೆ ಕೇಳಿಲ್ಲ."

ಸಾಹೇಬರಿಗೆ ಇದು ಗೊತ್ತೇ ಇರಲಿಲ್ಲ. ಮೂವತ್ತು ವರ್ಷದ ತಮ್ಮ ಹಗಲು ನಿದ್ದೆಗಳು, ಆ ಮನೆಯ ಸದ್ದಿಲ್ಲದಿರುವಿಕೆ, ಅದು ತಾನಾಗಿಯೇ ಇದ್ದದ್ದು ಎಂದುಕೊಂಡಿದ್ದರು. ಯಾರೋ ಪ್ರತಿದಿನ ಹಿಡಿದು ನಿಲ್ಲಿಸಿದ್ದ ಮೌನ ಅದು.

"ಹೇಳ್ಬಾರದಿತ್ತೇನೇ?" ಎಂದರು.

"ನೀವು ಹೇಳಿದ್ರಾ ಎಲ್ಲಾನೂ?" ಎಂದರು ಹೆಂಡತಿ. ಬೈಗುಳವಿರಲಿಲ್ಲ ಆ ದನಿಯಲ್ಲಿ.

ಹುಡುಗ ಕೈ ಚಾಚುವ ಮುನ್ನವೇ ಸಾಹೇಬರು ತಾವೇ ಸ್ಟೀರಿಯೋದ ಗುಂಡಿ ತಿರುಗಿಸಿದರು. ಹಾಡು ಎದ್ದು ಕಾರನ್ನು ತುಂಬಿತು. ಹೆಂಡತಿ "ಅಬ್ಬಾ!" ಎಂದು ಎದೆಯ ಮೇಲೆ ಕೈ ಇಟ್ಟುಕೊಂಡು, ಮಗಳ ಭುಜಕ್ಕೆ ಒರಗಿ, ಚಿಕ್ಕ ಹುಡುಗಿಯ ಹಾಗೆ ನಕ್ಕರು. ಮನೆಯ ತಿರುವು ಬಂತು.

"ನೇರ ಹೋಗು," ಎಂದರು ಸಾಹೇಬರು ಅಳಿಯನಿಗೆ. "ಕೆರೆ ಸುತ್ತಿ ಬರೋಣ. ನಿನ್ನ ಅತ್ತೆ ಇನ್ನೂ ನಾಲ್ಕು ಹಾಡು ಕೇಳ್ಬೇಕು."